ಬಿಯರ್‌ನಲ್ಲಿ ಒಗರು ಏಕೆ ಬರುತ್ತದೆ: ತುಂಗಭದ್ರಾ ಸೀಮೆಯ ಸಣ್ಣ ಬ್ರೂವರಿಗಳಿಗೆ ದೋಷ ನಿವಾರಣೆ ಕೈಪಿಡಿ

ರೆಸಿಪಿ ಅದೇ, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು, ಸಾಮಾನ್ಯವಾಗಿ ಬಾರ್ಲಿ) ಅದೇ, ಯೀಸ್ಟ್ ಅದೇ. ಆದರೂ ದೀಪಾವಳಿ ಹೊತ್ತಿಗೆ ತಿಳಿಯಾಗಿ, ಹಗುರಾಗಿ ಬಂದ ಬಿಯರ್ ಯುಗಾದಿ ಕಳೆದ ಮೇಲೆ ಒರಟಾಗುತ್ತದೆ. ಬಣ್ಣ ತುಸು ಗಾಢವಾಗುತ್ತದೆ, ಸಕ್ಕರೆ ಇಳುವರಿ ಕಡಿಮೆ ಬರುತ್ತದೆ, ಕುಡಿದ ಮೇಲೆ ನಾಲಿಗೆಯ ಎರಡೂ ಬದಿ ಒಣಗಿ ಹಿಡಿದುಕೊಳ್ಳುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಈ ನಾಲ್ಕೂ ಲಕ್ಷಣ ಒಟ್ಟಿಗೆ ಕಂಡರೆ ಮಾಲ್ಟ್ ಮಾರಿದವರನ್ನು ದೂರುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಸಂಪಿಗೆ ಈಗ ಬರುತ್ತಿರುವ ನೀರು ಎಲ್ಲಿಯದು?

ಕಾಲುವೆಯಲ್ಲಿ ನೀರು ಹರಿಯುವ ತಿಂಗಳುಗಳಲ್ಲಿ ಸಿಗುವುದು ಹೊಳೆ ನೀರು. ತುಂಗಭದ್ರಾ ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರಿನ ಕಡೆಗೆ, ಬಲದಂಡೆ ಕಾಲುವೆಗಳು ಬಳ್ಳಾರಿಯ ಕಡೆಗೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದರೆ ಬೋರ್ ಚಾಲೂ ಆಗುತ್ತದೆ, ಇಲ್ಲವೇ ಟ್ಯಾಂಕರ್ ಬರುತ್ತದೆ. ಟ್ಯಾಂಕರ್ ನೀರೂ ಬಹುಪಾಲು ಯಾವುದೋ ಬೋರಿನದೇ. ಸಂಪಿನಲ್ಲಿ ಎರಡೂ ಬೆರೆತು ನಿಂತಾಗ ನೋಡುವುದಕ್ಕೆ ಒಂದೇ ಥರ ಇರುತ್ತದೆ, ಮ್ಯಾಷ್‌ಗೆ (ಪುಡಿಮಾಡಿದ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಸಕ್ಕರೆ ಬಿಡಿಸುವ ಹಂತ) ಹೋದಾಗ ಎರಡು ಬೇರೆ ನೀರುಗಳ ಹಾಗೆ ವರ್ತಿಸುತ್ತದೆ. ಆದ್ದರಿಂದ ಇಲ್ಲಿ ದೋಷ ಹುಡುಕುವ ಕ್ರಮ ಹೀಗಿರಲಿ: ಮೊದಲು ನೀರು, ಆಮೇಲೆ ಕಾಳು, ಕೊನೆಗೆ ಯೀಸ್ಟ್. ಉಲ್ಟಾ ಹೋದರೆ ವಾರಗಟ್ಟಲೆ ಸಮಯ ಹಾಳು.

ಮೊದಲು ರುಚಿಗೆ ಸರಿಯಾದ ಹೆಸರು ಕೊಡಿ

ಗ್ರಾಹಕರು ಎಲ್ಲದಕ್ಕೂ "ಕಹಿ ಜಾಸ್ತಿ" ಎನ್ನುತ್ತಾರೆ. ಕಹಿ ನಾಲಿಗೆಯ ಹಿಂಭಾಗದಲ್ಲಿ ಉಳಿಯುತ್ತದೆ. ಒಗರು ರುಚಿಗಿಂತ ಹೆಚ್ಚಾಗಿ ಒಂದು ಸ್ಪರ್ಶ, ಹಸಿ ಬಾಳೆಕಾಯಿ ಕಚ್ಚಿದ ಹಾಗೆ ಬಾಯಿ ಒಣಗಿಸುತ್ತದೆ. ಗಂಟಲಲ್ಲಿ ಬಿಸಿಬಿಸಿ ಉರಿಯುವುದು ಬೇರೆ, ಅದು ಹೆಚ್ಚು ಬಿಸಿಯಲ್ಲಿ ಹುದುಗಿದಾಗ ಹುಟ್ಟುವ ಭಾರದ ಆಲ್ಕೋಹಾಲ್. ಡೆಟಾಲ್ ಅಥವಾ ಗಾಯಕ್ಕೆ ಹಚ್ಚುವ ಪಟ್ಟಿಯ ವಾಸನೆ ಬಂದರೆ ಅದು ಕ್ಲೋರಿನ್ ಕೆಲಸ. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ.

ಒಗರು ಎಂದು ಖಚಿತವಾದರೆ ಗ್ಲಾಸಿನಲ್ಲೇ ಎರಡು ಪರೀಕ್ಷೆ ಮಾಡಬಹುದು. 250 ಮಿ.ಲೀ. ಬಿಯರ್‌ನ ಗ್ಯಾಸ್ ತೆಗೆದು ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ನೋಡಿ. ಸಾಮಾನ್ಯ ಏಲ್ (ಬೆಚ್ಚಗೆ ಹುದುಗುವ ಬಗೆಯ ಬಿಯರ್) 4.0ರಿಂದ 4.5ರ ಒಳಗಿರಬೇಕು. 4.6ಕ್ಕಿಂತ ಮೇಲಿದ್ದರೆ 10% ಲ್ಯಾಕ್ಟಿಕ್ ಆಮ್ಲವನ್ನು ಹನಿಹನಿಯಾಗಿ ಹಾಕಿ 4.3ಕ್ಕೆ ಇಳಿಸಿ, ಮೂಲ ಬಿಯರ್ ಪಕ್ಕದಲ್ಲಿಟ್ಟು ಸವಿಯಿರಿ. ಒರಟುತನ ಮತ್ತು ಸಪ್ಪೆತನ ಎರಡೂ ಕರಗಿದರೆ ದೋಷ ಪಿಎಚ್‌ನದು, ಅಂದರೆ ಬಹುತೇಕ ನೀರಿನದು. ಎರಡನೆಯದು ಜೆಲಟಿನ್ ಪರೀಕ್ಷೆ. 1 ಗ್ರಾಂ ಜೆಲಟಿನ್ ಅನ್ನು 100 ಮಿ.ಲೀ. ನೀರಿನಲ್ಲಿ 65–70 ಡಿಗ್ರಿಗೆ ಬಿಸಿಮಾಡಿ ಕರಗಿಸಿ (ಕುದಿಸಬೇಡಿ), ಅದರಲ್ಲಿ 2 ಮಿ.ಲೀ. ಅನ್ನು 250 ಮಿ.ಲೀ. ತಣ್ಣನೆಯ ಬಿಯರ್‌ಗೆ ಹಾಕಿ ಒಂದು ದಿನ ಫ್ರಿಜ್‌ನಲ್ಲಿಡಿ. ಮೇಲಿನ ತಿಳಿಯಲ್ಲಿ ಒಗರು ಗಣನೀಯವಾಗಿ ಇಳಿದಿದ್ದರೆ ಟ್ಯಾನಿನ್ (ಬಾಯಿ ಒಣಗಿಸುವ ಸಸ್ಯಮೂಲದ ಒಗರು ಅಂಶ) ಬಂದಿದೆ. ಅದು ಮಾಲ್ಟ್ ಸಿಪ್ಪೆಯಿಂದಲೋ, ಜೋಳದಿಂದಲೋ, ಹಣ್ಣಿನ ಸಿಪ್ಪೆಯಿಂದಲೋ ಎಂಬುದನ್ನು ಮುಂದೆ ಹುಡುಕಬೇಕು.

ಮೀಟರ್ ಸುಳ್ಳು ಹೇಳುತ್ತಿಲ್ಲವೇ?

ಪಿಎಚ್ ಮೀಟರ್ ಅನ್ನು ನಂಬುವ ಮೊದಲು 7.00 ಮತ್ತು 4.01 ಬಫರ್‌ಗಳಲ್ಲಿ (ಪಿಎಚ್ ನಿಗದಿಯಾಗಿರುವ ದ್ರಾವಣ) ಹೊಂದಿಸಿ. ಬಫರ್ ಬಾಟಲಿಯಲ್ಲೇ ಎಲೆಕ್ಟ್ರೋಡ್ ಅದ್ದಬೇಡಿ. ಸ್ವಲ್ಪ ಬೇರೆ ಕಪ್‌ಗೆ ಸುರಿದು ಬಳಸಿ, ಆಮೇಲೆ ಚೆಲ್ಲಿ. ತಗಡಿನ ಶೆಡ್ಡಿನಲ್ಲಿ ರಾಯಚೂರಿನ ಮೇ ತಿಂಗಳ ಬಿಸಿಗೆ ಬಿಟ್ಟ ಬಫರ್ ಮತ್ತು ಒಣಗಿದ ಎಲೆಕ್ಟ್ರೋಡ್, ಈ ಎರಡರಿಂದಲೇ ಎಷ್ಟೋ "ನೀರಿನ ದೋಷ"ಗಳು ಹುಟ್ಟುತ್ತವೆ.

ಮ್ಯಾಷ್ ಮಾದರಿಯನ್ನು 25 ಡಿಗ್ರಿ ಆಸುಪಾಸಿಗೆ ತಣಿಸಿಯೇ ಅಳೆಯಿರಿ. ಮೀಟರಿನ ಸ್ವಯಂ ಉಷ್ಣಾಂಶ ಸರಿಪಡಿಕೆ ಎಲೆಕ್ಟ್ರೋಡಿನ ವ್ಯತ್ಯಾಸವನ್ನಷ್ಟೇ ಸರಿಪಡಿಸುತ್ತದೆ. ಬಿಸಿ ಮ್ಯಾಷ್‌ನ ಪಿಎಚ್ ನಿಜವಾಗಿಯೇ 0.2–0.3 ಕಡಿಮೆ ಇರುತ್ತದೆ, ಅದನ್ನು ಅದು ಮುಟ್ಟುವುದಿಲ್ಲ. ಬಿಸಿಯಲ್ಲಿ 5.4 ತೋರಿಸಿದ್ದನ್ನು ನೋಡಿ ಸಮಾಧಾನಪಟ್ಟರೆ ಅಸಲಿಗೆ 5.7ರಲ್ಲಿ ಮ್ಯಾಷ್ ಮಾಡುತ್ತಿರುತ್ತೀರಿ. ತಣಿಸಿದ ಮಾದರಿಯಲ್ಲಿ ಗುರಿ 5.2ರಿಂದ 5.6.

ಫ್ಲಾಸ್ಕ್ ಪರೀಕ್ಷೆ

ಇಡೀ ಕೈಪಿಡಿಯಲ್ಲಿ ಒಂದನ್ನೇ ಮಾಡುತ್ತೀರಾದರೆ ಇದನ್ನು ಮಾಡಿ. ಚಹಾ ಒಯ್ಯುವ ಸ್ಟೀಲ್ ಫ್ಲಾಸ್ಕ್ ಮೂರು ಬೇಕು. ಪ್ರತಿಯೊಂದಕ್ಕೂ ನಿಮ್ಮ ಬ್ಯಾಚಿನದೇ ಪುಡಿಮಾಡಿದ ಕಾಳು 100 ಗ್ರಾಂ. ಒಂದಕ್ಕೆ ಸಂಪಿನ ನೀರು, ಇನ್ನೊಂದಕ್ಕೆ ಆರ್‌ಒ ನೀರು, ಮೂರನೆಯದಕ್ಕೆ ಡಿಸ್ಟಿಲ್ಡ್ ನೀರು, ತಲಾ 300 ಮಿ.ಲೀ. ಕಾಳು ಬೆರೆತ ಮೇಲೆ 66 ಡಿಗ್ರಿ ನಿಲ್ಲಬೇಕು, ಅದಕ್ಕೆ ನೀರು ಸುಮಾರು 72–74 ಡಿಗ್ರಿ ಇರಲಿ, ಫ್ಲಾಸ್ಕನ್ನೂ ಮುಂಚೆ ಬಿಸಿನೀರಿನಿಂದ ಕಾಯಿಸಿಟ್ಟುಕೊಳ್ಳಿ. 15 ನಿಮಿಷ ಬಿಟ್ಟು, ಸೋಸಿ, ತಣಿಸಿ, ಅಳೆಯಿರಿ.

ತಿಳಿ ಬಣ್ಣದ ಮಾಲ್ಟ್ ಡಿಸ್ಟಿಲ್ಡ್ ನೀರಿನಲ್ಲಿ ಸುಮಾರು 5.6–5.8 ತೋರಿಸುತ್ತದೆ. ಅಲ್ಲೇ 6 ದಾಟಿದರೆ ಮತ್ತೆ ಮೀಟರ್ ನೋಡಿ. ಡಿಸ್ಟಿಲ್ಡ್ 5.7, ಸಂಪಿನ ನೀರು 6.1 ಎಂದು ಬಂದರೆ ಆ 0.4 ನೀರಿನ ಕಾಣಿಕೆ, ವಾದಕ್ಕೆ ಜಾಗವೇ ಇಲ್ಲ. ಆರ್‌ಒ ನೀರೂ ಸಂಪಿನ ನೀರಿನ ಹತ್ತಿರವೇ ಬಂದರೆ ಮೆಂಬ್ರೇನ್ ಸೋತಿದೆ, ಇಲ್ಲವೇ ಬೈಪಾಸ್ ವಾಲ್ವ್ ತೆರೆದಿದೆ.

ನೀರಿನ ವರದಿ ಓದುವುದು

ಟಿಡಿಎಸ್ ಮೀಟರ್ ಎಲ್ಲರ ಜೇಬಿನಲ್ಲೂ ಇದೆ. ಆದರೆ ಮ್ಯಾಷ್ ಕೆಡಿಸುವುದು ಒಟ್ಟು ಉಪ್ಪಿನಂಶವಲ್ಲ, ಬೈಕಾರ್ಬನೇಟ್‌ನಿಂದ ಬರುವ ಕ್ಷಾರೀಯತೆ, ಅಂದರೆ ಹುಳಿಯನ್ನು ಅಡಗಿಸುವ ಗುಣ. ಟಿಡಿಎಸ್ 900 ಇದ್ದು ಕ್ಷಾರೀಯತೆ 150 ಇರಬಹುದು, ಟಿಡಿಎಸ್ 600 ಇದ್ದು ಕ್ಷಾರೀಯತೆ 350 ಇರಬಹುದು. ಎರಡನೆಯದೇ ಹೆಚ್ಚು ತೊಂದರೆಯ ನೀರು. ಪ್ರಯೋಗಾಲಯದಿಂದ ಒಟ್ಟು ಕ್ಷಾರೀಯತೆ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಲೋರೈಡ್, ಸಲ್ಫೇಟ್, ಸೋಡಿಯಂ, ಕಬ್ಬಿಣ, ನೈಟ್ರೇಟ್, ಫ್ಲೋರೈಡ್ ಇಷ್ಟನ್ನು ಕೇಳಿ ಬರೆಸಿಕೊಳ್ಳಿ. ನಡುನಡುವೆ ನೋಡಿಕೊಳ್ಳಲು ಅಕ್ವೇರಿಯಂ ಅಂಗಡಿಯ ಕೆಎಚ್ ಹನಿ ಕಿಟ್ ಸಾಕು, ಒಂದು ಡಿಗ್ರಿ ಕೆಎಚ್ ಅಂದರೆ 17.9 ಮಿ.ಗ್ರಾಂ/ಲೀ ಕ್ಷಾರೀಯತೆ.

ವರದಿಯಲ್ಲಿ ಒಂದು ಎಡವಟ್ಟು ಕಾದಿರುತ್ತದೆ. ಕ್ಯಾಲ್ಸಿಯಂ ಅಂಕಿ ಕ್ಯಾಲ್ಸಿಯಂದೋ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದ ಗಡಸುತನವೋ ನೋಡಿಕೊಳ್ಳಿ. ಗಡಸುತನವಾಗಿದ್ದರೆ ಕ್ಯಾಲ್ಸಿಯಂ ಅಂಕಿಯನ್ನು 2.5ರಿಂದ ಭಾಗಿಸಿ, ಮೆಗ್ನೀಸಿಯಂ ಅಂಕಿಯನ್ನು 0.243ರಿಂದ ಗುಣಿಸಿ.

ಇನ್ನು ಉಳಿಕೆ ಕ್ಷಾರೀಯತೆಯ (ಕ್ಯಾಲ್ಸಿಯಂ, ಮೆಗ್ನೀಸಿಯಂ ತಗ್ಗಿಸಿದ ಮೇಲೂ ಮ್ಯಾಷ್‌ನಲ್ಲಿ ಉಳಿಯುವ ಪಾಲು) ಲೆಕ್ಕ: ಒಟ್ಟು ಕ್ಷಾರೀಯತೆಯಿಂದ (ಕ್ಯಾಲ್ಸಿಯಂ ÷ 1.4) ಮತ್ತು (ಮೆಗ್ನೀಸಿಯಂ ÷ 1.7) ಎರಡನ್ನೂ ಕಳೆಯಿರಿ. ಉದಾಹರಣೆಗೆ ಒಂದು ಬೋರ್ ನೀರಿನಲ್ಲಿ ಕ್ಷಾರೀಯತೆ 380, ಕ್ಯಾಲ್ಸಿಯಂ 70, ಮೆಗ್ನೀಸಿಯಂ 50 ಇದೆ ಎನ್ನಿ. 380ರಿಂದ 50 ಮತ್ತು 29 ಕಳೆದರೆ ಸುಮಾರು 300. ತಿಳಿ ಬಣ್ಣದ ಬಿಯರ್‌ಗೆ ಇದು 50ರ ಒಳಗಿರಬೇಕು, ಸೊನ್ನೆಯ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಹುರಿದ ಮಾಲ್ಟ್ ತಾನೇ ಹುಳಿ ಕೊಡುವುದರಿಂದ ಸ್ಟೌಟ್‌ಗೆ 100–150 ನಡೆಯುತ್ತದೆ. ಬೋರ್ ನೀರಿನಲ್ಲಿ ಕಪ್ಪು ಬಿಯರ್ ಚೆನ್ನಾಗಿ ಬಂದು ಗೋಧಿ ಬಿಯರ್ ಮಾತ್ರ ಕೆಡುತ್ತಿದ್ದರೆ ಕಾರಣ ಅಲ್ಲೇ ಇದೆ.

ಸರಿಪಡಿಸುವುದು

ಮೇಲಿನ ಉದಾಹರಣೆಯ ಬೋರ್ ನೀರಿಗೆ ಆಮ್ಲವೊಂದನ್ನೇ ಸುರಿದು ಗೆಲ್ಲುವುದು ಕಷ್ಟ. 1000 ಲೀಟರ್ ನೀರಿನಲ್ಲಿ 100 ಮಿ.ಗ್ರಾಂ/ಲೀ ಕ್ಷಾರೀಯತೆ ಇಳಿಸಲು 88% ಲ್ಯಾಕ್ಟಿಕ್ ಆಮ್ಲ ಸುಮಾರು 170 ಮಿ.ಲೀ. ಬೇಕು, ಅದರಿಂದ ನೀರಿಗೆ 180 ಮಿ.ಗ್ರಾಂ/ಲೀ ಹತ್ತಿರ ಲ್ಯಾಕ್ಟೇಟ್ ಸೇರುತ್ತದೆ. 400 ದಾಟಿದರೆ ಬಿಯರ್‌ನಲ್ಲಿ ಮಜ್ಜಿಗೆ ಹುಳಿ ನಾಲಿಗೆಗೆ ಸಿಗುತ್ತದೆ. ಹಾಗಾಗಿ ಇಳಿಸಬೇಕಾದ ಕ್ಷಾರೀಯತೆ 200ರ ಒಳಗಿದ್ದರೆ ಆಮ್ಲ ಸಾಕು, ಅದಕ್ಕೂ ಮೇಲಿದ್ದರೆ ಆರ್‌ಒ ಬೆರೆಸಿ. ಫಾಸ್ಫರಿಕ್ ಆಮ್ಲಕ್ಕೆ ರುಚಿಯ ಗೊಡವೆ ಕಡಿಮೆ. ಆದರೆ ಆಹಾರ ದರ್ಜೆಯದನ್ನೇ ತನ್ನಿ, ತುಕ್ಕು ತೆಗೆಯಲು ಮಾರುವ ಕೈಗಾರಿಕಾ ದರ್ಜೆಯದು ಬ್ರೂವರಿ ಬಾಗಿಲೊಳಗೆ ಬರಬಾರದು. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ. ಕನ್ನಡಕ, ಕೈಗವಸು ಹಾಕಿಕೊಂಡೇ ಮುಟ್ಟಿ.

600 ಲೀಟರ್ ನೀರಿನ ಲೆಕ್ಕ ನೋಡೋಣ. 100 ಲೀಟರ್ ಬೋರ್, 500 ಲೀಟರ್ ಆರ್‌ಒ ಬೆರೆಸಿದರೆ ಕ್ಷಾರೀಯತೆ 70ರ ಆಸುಪಾಸಿಗೆ ಬರುತ್ತದೆ, ಕ್ಯಾಲ್ಸಿಯಂ ಕೂಡ 12ಕ್ಕೆ ಕುಸಿಯುತ್ತದೆ. ಅದಕ್ಕೆ ಜಿಪ್ಸಮ್ 60 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 80 ಗ್ರಾಂ ಸೇರಿಸಿ. ಕ್ಯಾಲ್ಸಿಯಂ 70ಕ್ಕೆ ಏರುತ್ತದೆ, ಸೇರಿದ ಸಲ್ಫೇಟ್ 56, ಕ್ಲೋರೈಡ್ 64, ಉಳಿಕೆ ಕ್ಷಾರೀಯತೆ 15ರ ಹತ್ತಿರ. ಬೋರ್ ನೀರಿನಲ್ಲಿ ಮೊದಲೇ ಕ್ಲೋರೈಡ್ ಸಲ್ಫೇಟ್ ಇದ್ದರೆ ಅದರ ಆರನೇ ಒಂದು ಭಾಗವನ್ನೂ ಈ ಲೆಕ್ಕಕ್ಕೆ ಕೂಡಿಸಿ.

ಬರೀ ಆರ್‌ಒ ನೀರಿನಲ್ಲಿ ಏನೂ ಸೇರಿಸದೆ ಮ್ಯಾಷ್ ಮಾಡುವುದೂ ತಪ್ಪೇ. ಕ್ಯಾಲ್ಸಿಯಂ 50ಕ್ಕಿಂತ ಕಡಿಮೆ ಇದ್ದರೆ ಮಾಲ್ಟಿನ ಆಕ್ಸಲೇಟ್ ಮ್ಯಾಷ್‌ನಲ್ಲೇ ಕೂರದೆ ಮುಂದೆ ಟ್ಯಾಂಕಿನ ಗೋಡೆಗೆ ಬಿಯರ್ ಕಲ್ಲಾಗಿ ಅಂಟುತ್ತದೆ. ಯೀಸ್ಟ್ ಕೂಡ ಸರಿಯಾಗಿ ತಳ ಸೇರುವುದಿಲ್ಲ.

ಸಾಫ್ಟನರ್ ಬಗ್ಗೆ ಒಂದು ಎಚ್ಚರಿಕೆ. ಹೋಟೆಲು, ಲಾಡ್ಜ್ ಇರುವ ಕಟ್ಟಡಗಳಲ್ಲಿ ಸವಳು ನೀರಿಗೆ ಉಪ್ಪು ಹಾಕಿ ನಡೆಸುವ ಸಾಫ್ಟನರ್ ಇರುತ್ತದೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಗೀಸರ್‌ಗೆ ಪದರ ಕಟ್ಟುವುದಿಲ್ಲ, ಆದ್ದರಿಂದ "ನೀರು ಸರಿಯಾಯಿತು" ಎಂದು ಎಲ್ಲರೂ ನಂಬುತ್ತಾರೆ. ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಇಡುತ್ತದೆ. 100 ಗಡಸುತನಕ್ಕೆ 46 ಸೋಡಿಯಂ. ಕ್ಷಾರೀಯತೆ ಹಾಗೇ ಉಳಿಯುತ್ತದೆ. ಮೇಲಿನ ನೀರನ್ನು ಸಾಫ್ಟನರ್‌ಗೆ ಹಾಯಿಸಿದರೆ ಉಳಿಕೆ ಕ್ಷಾರೀಯತೆ 300ರಿಂದ 380ಕ್ಕೆ ಏರುತ್ತದೆ! ಬಾಯ್ಲರ್‌ಗೆ ಸಾಫ್ಟನರ್ ಇರಲಿ, ಬ್ರೂಯಿಂಗ್ ನೀರಿನ ಪೈಪು ಅದಕ್ಕಿಂತ ಮುಂಚೆಯೇ ಕವಲೊಡೆದು ಆರ್‌ಒಗೆ ಹೋಗಲಿ. ಆರ್‌ಒ ಮುಂದೆ ಸಾಫ್ಟನರ್ ಇದ್ದರೆ ಮೆಂಬ್ರೇನ್‌ಗೆ ಒಳ್ಳೆಯದೇ, ಆಗ ಬೆರಕೆಗೆ ಬಳಸುವ ಬೋರ್ ನೀರನ್ನು ಮಾತ್ರ ಸಾಫ್ಟನರ್‌ಗಿಂತ ಮೊದಲು ತೆಗೆದುಕೊಳ್ಳಿ.

ಈ ಜಿಲ್ಲೆಗಳ ಹಲವು ಬೋರ್‌ಗಳಲ್ಲಿ ಫ್ಲೋರೈಡ್ ಮಿತಿ ಮೀರಿರುತ್ತದೆ, ಹೊಲಗಳ ನಡುವಿನ ಬೋರ್‌ಗಳಲ್ಲಿ ನೈಟ್ರೇಟ್ ಕೂಡ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ 1.5ಕ್ಕಿಂತ, ನೈಟ್ರೇಟ್ 45ಕ್ಕಿಂತ ಹೆಚ್ಚು ಇರಕೂಡದು. ಕುದಿಸಿದರೆ ಇವೆರಡೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತವೆ. ನೈಟ್ರೇಟ್ ಅನ್ನು ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಿದರೆ ಯೀಸ್ಟ್‌ಗೂ ಏಟು. ಮಿತಿ ಮೀರಿದ ಬೋರ್ ನೀರನ್ನು ಬೆರಕೆಗೂ ಬಳಸದೆ ಪೂರ್ತಿ ಆರ್‌ಒ ತೆಗೆದುಕೊಂಡು ಉಪ್ಪುಗಳನ್ನು ಅಳೆದು ಸೇರಿಸುವುದೇ ಸರಿ. ಆರ್‌ಒ ಹೊರಹಾಕುವ ನೀರಿನಲ್ಲಿ ಇವೆಲ್ಲ ಇನ್ನೂ ಹೆಚ್ಚಿರುತ್ತವೆ. ನೆಲ ತೊಳೆಯಿರಿ, ದನಕರುಗಳ ತೊಟ್ಟಿಗೆ ಬಿಡಬೇಡಿ.

ಸ್ಪಾರ್ಜ್‌ನಲ್ಲಿ ನುಸುಳುವ ಒಗರು

ಮ್ಯಾಷ್ ಪಿಎಚ್ 5.4 ಇದ್ದೂ ಒಗರು ಬಂದರೆ ಸ್ಪಾರ್ಜ್ (ಮ್ಯಾಷ್ ಆದ ಕಾಳಿನ ಹಾಸಿನ ಮೇಲೆ ಬಿಸಿನೀರು ಸುರಿದು ಉಳಿದ ಸಕ್ಕರೆ ತೊಳೆದುಕೊಳ್ಳುವುದು) ಕಡೆ ತಿರುಗಿ. ಮೊದಲ ವರ್ಟ್ (ಮ್ಯಾಷ್‌ನಿಂದ ಬರುವ ಸಿಹಿ ರಸ) ಹರಿದುಹೋದಂತೆ ಮಾಲ್ಟಿನ ಹುಳಿಯೂ ಕರಗಿಹೋಗುತ್ತದೆ, ಕ್ಷಾರ ನೀರು ಮೇಲೆ ಸುರಿದಷ್ಟೂ ಹಾಸಿನ ಪಿಎಚ್ ಏರುತ್ತದೆ. 5.8 ದಾಟಿತೆಂದರೆ ಸಿಪ್ಪೆಯ ಟ್ಯಾನಿನ್ ಬಿಟ್ಟುಕೊಳ್ಳಲು ಶುರು. ಸ್ಪಾರ್ಜ್ ನೀರಿಗೂ ಆಮ್ಲ ಹಾಕಿ 5.6ರ ಹತ್ತಿರ ತನ್ನಿ, ಬಿಸಿ 77 ಡಿಗ್ರಿ ಮೀರದಿರಲಿ. ಹರಿದು ಬರುವ ವರ್ಟ್‌ನ ಸಾಂದ್ರತೆ 1.010ಕ್ಕೆ ಇಳಿದ ಕೂಡಲೇ ನಿಲ್ಲಿಸಿ. ಇನ್ನೊಂದು ಹತ್ತು ಲೀಟರ್ ಸಿಗುತ್ತದಲ್ಲ ಎಂದು ಹಿಂಡಿದರೆ ಬರುವುದು ಸಕ್ಕರೆಯಲ್ಲ. ಕೊನೆಯ ಹರಿವನ್ನು ಒಂದು ಲೋಟಕ್ಕೆ ಹಿಡಿದು, ತಣಿಸಿ, ಬಾಯಿಗೆ ಹಾಕಿಕೊಳ್ಳಿ. ಸಪ್ಪೆ ಸಿಹಿ ಇದ್ದರೆ ಸರಿ, ಕಡುಚಹಾದ ಒಗರು ಸಿಕ್ಕರೆ ತಡವಾಗಿದೆ.

ಜೋಳ, ಅಕ್ಕಿ

ನೀರು ಸರಿಯಿದೆ, ಜೋಳ ಹಾಕಿದ ಬ್ಯಾಚ್ ಮಾತ್ರ ಒಗರು ಎನ್ನುವುದಾದರೆ ಕಾಳನ್ನು ಪರೀಕ್ಷಿಸಿ. ಹಿಂಗಾರಿ ಬಿಳಿ ಜೋಳದಲ್ಲಿ ಸಾಮಾನ್ಯವಾಗಿ ಟ್ಯಾನಿನ್ ತೊಂದರೆ ಇಲ್ಲ. ಕೆಂಪು ಜೋಳದಲ್ಲಿ ಇರಬಹುದು, ಇಲ್ಲದೆಯೂ ಇರಬಹುದು, ಮೇಲಿನ ಬಣ್ಣ ನೋಡಿ ತೀರ್ಮಾನಿಸಲಾಗದು. ನೂರು ಕಾಳನ್ನು ಗಾಜಿನ ಲೋಟದಲ್ಲಿ ಹಾಕಿ, 5% ಕಾಸ್ಟಿಕ್ ಸೋಡಾ ಬೆರೆಸಿದ ಬ್ಲೀಚ್ ದ್ರಾವಣ (ಸೋಡಿಯಂ ಹೈಪೋಕ್ಲೋರೈಟ್ 3.5% ಸುಮಾರು) ಮುಳುಗುವಷ್ಟು ಸುರಿದು 20 ನಿಮಿಷ ಬಿಡಿ. ತೊಳೆದು ಕಾಗದದ ಮೇಲೆ ಹರಡಿದಾಗ ಇಡೀ ಕಾಳು ಕಪ್ಪಾಗಿದ್ದರೆ ಸಿಪ್ಪೆಯಡಿ ಟ್ಯಾನಿನ್ ಪದರ ಇದೆ. ಬಿಳುಚಿಕೊಂಡಿದ್ದರೆ, ತುದಿಯಲ್ಲಿ ಮಾತ್ರ ಕಪ್ಪು ಚುಕ್ಕೆ ಇದ್ದರೆ ಅಡ್ಡಿಯಿಲ್ಲ. ಪರೀಕ್ಷೆಗೆ ಬಳಸಿದ ಕಾಳನ್ನು ಎಸೆಯಿರಿ. ಗಾಳಿಯಾಡುವ ಕಡೆ ಮಾಡಿ, ಬ್ಲೀಚ್ ಹತ್ತಿರ ಆಮ್ಲ ಸುಳಿಯಲೇಬಾರದು. ಟ್ಯಾನಿನ್ ಇರುವ ಜೋಳ ಒಗರು ಕೊಡುವುದಲ್ಲದೆ ಮಾಲ್ಟಿನ ಕಿಣ್ವಗಳನ್ನೂ ಕಟ್ಟಿಹಾಕಿ ಇಳುವರಿ ತಿನ್ನುತ್ತದೆ.

ಇಳುವರಿ ಮಾತ್ರ ಕಡಿಮೆ, ಒಗರಿಲ್ಲ ಎಂದಾದರೆ ಪಿಷ್ಟ ಬೆಂದಿಲ್ಲ. ಬಾರ್ಲಿ ಪಿಷ್ಟ 60–65 ಡಿಗ್ರಿಯಲ್ಲೇ ಅರಳುತ್ತದೆ. ಜೋಳಕ್ಕೆ 68–78 ಬೇಕು, ಗಂಗಾವತಿ ಸೋನಾ ಮಸೂರಿಗೂ ಹೆಚ್ಚುಕಡಿಮೆ ಅಷ್ಟೇ. 66 ಡಿಗ್ರಿ ಮ್ಯಾಷ್‌ಗೆ ಹಸಿ ಜೋಳ ಸುರಿದರೆ ಅದರ ಬಹುಪಾಲು ಹಾಗೇ ಹಸಿಯಾಗಿ ಹೊರಬೀಳುತ್ತದೆ. ಬೇರೆ ಪಾತ್ರೆಯಲ್ಲಿ ಜೋಳದ ನುಚ್ಚು 1 ಪಾಲು, ನೀರು 4 ಪಾಲು, ನುಚ್ಚಿನ ತೂಕದ 10–20% ಬಾರ್ಲಿ ಮಾಲ್ಟ್ ಹಾಕಿ 70 ಡಿಗ್ರಿಯಲ್ಲಿ 15 ನಿಮಿಷ ನಿಲ್ಲಿಸಿ. ಗಂಜಿ ತೆಳುವಾದ ಮೇಲೆ ಕುದಿಗೆ ತಂದು 20–30 ನಿಮಿಷ ತಳ ಹತ್ತದಂತೆ ಕೈಯಾಡಿಸಿ, ಆಮೇಲೆ ಮುಖ್ಯ ಮ್ಯಾಷ್‌ಗೆ ಸೇರಿಸಿ. ಪಿಷ್ಟ ಉಳಿದಿದೆಯೇ ಎಂದು ತಿಳಿಯಲು ಬಿಳಿ ಟೈಲ್ಸ್ ಮೇಲೆ ತಣಿದ ತಿಳಿಯ ಎರಡು ಹನಿ, ಪಕ್ಕದಲ್ಲಿ ಟಿಂಕ್ಚರ್ ಅಯೋಡಿನ್ ಒಂದು ಹನಿ, ಎರಡನ್ನೂ ಕೂಡಿಸಿ. ನೀಲಿಗಪ್ಪಾದರೆ ಇನ್ನೂ ಸಮಯ ಬೇಕು. ಸಿಪ್ಪೆಯ ಚೂರು ಬಂದರೆ ಅದು ಯಾವಾಗಲೂ ಕಪ್ಪಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಊರ ಗಿರಣಿಯಲ್ಲಿ ಜೋಳ ಹಾಕಿಸುವಾಗ ರೊಟ್ಟಿ ಹಿಟ್ಟು ಬೇಡ, ನುಚ್ಚು ಬೇಕು ಎಂದು ಒತ್ತಿ ಹೇಳಿ. ಹಿಟ್ಟು ಲಾಟರ್ (ವರ್ಟ್ ಸೋಸುವ ಪಾತ್ರೆ) ಜಾಲರಿಯ ಮೇಲೆ ಮೆತ್ತಿಕೊಂಡು ಹರಿವು ನಿಲ್ಲುತ್ತದೆ. ಹರಿವು ನಿಂತಾಗ ಪಂಪಿನ ವೇಗ ಹೆಚ್ಚಿಸುವುದು ಮೊದಲ ತಪ್ಪು, ಹಾಸು ಇನ್ನಷ್ಟು ಬಿಗಿಯುತ್ತದೆ. ಪಂಪ್ ನಿಲ್ಲಿಸಿ, ಕೆಳಗಿನಿಂದ 75 ಡಿಗ್ರಿ ನೀರು ಮೆಲ್ಲಗೆ ಬಿಟ್ಟು ಹಾಸನ್ನು ಎತ್ತಿ, ಹತ್ತು ನಿಮಿಷ ಕೂರಲು ಬಿಟ್ಟು, ನಿಧಾನವಾಗಿ ಮತ್ತೆ ಶುರುಮಾಡಿ. ಜೋಳಕ್ಕೂ ಅಕ್ಕಿಗೂ ಜಾಲರಿಯಾಗಿ ನಿಲ್ಲುವ ಸಿಪ್ಪೆ ಇಲ್ಲ, ಅದಕ್ಕೆ ಒಟ್ಟು ಕಾಳಿನ 3–5% ತೂಕದ ಭತ್ತದ ಹೊಟ್ಟು ಸೇರಿಸಿ. ಗಂಗಾವತಿ, ಸಿಂಧನೂರು ಕಡೆಯ ರೈಸ್ ಮಿಲ್‌ಗಳಲ್ಲಿ ಅದಕ್ಕೆ ಬರವಿಲ್ಲ. ಮುಗ್ಗು ವಾಸನೆ ಇಲ್ಲದ, ಒಡೆಯದ ಒಣ ಹೊಟ್ಟನ್ನು ಆರಿಸಿ, ಬಿಸಿನೀರಿನಲ್ಲಿ ಎರಡು ಸಲ ತೊಳೆದು ಬಳಸಿ. ತೊಳೆಯದೆ ಹಾಕಿದರೆ ದೂಳು, ಮಣ್ಣಿನ ವಾಸನೆ ನೇರ ಬಿಯರ್‌ಗೆ.

ಜೋಳವನ್ನು ನೀವೇ ಮೊಳಕೆ ಬರಿಸಿ ಮಾಲ್ಟ್ ಮಾಡುತ್ತಿದ್ದರೆ ಒಣಗಿಸಿದ ಮೇಲೆ ಬೇರು, ಮೊಳಕೆಗಳನ್ನು ಪೂರ್ತಿ ಉಜ್ಜಿ ಕೇರಿ ತೆಗೆಯಲೇಬೇಕು. ಅವುಗಳಲ್ಲಿ ಸೈನೈಡ್ ಬಿಡುವ ಧುರಿನ್ ಎಂಬ ಅಂಶ ಇರುತ್ತದೆ.

ಕುಷ್ಟಗಿ ಕಡೆಯ ದಾಳಿಂಬೆ ಹಾಕುವವರು ಕಾಳಿನ ರಸ ಮಾತ್ರ ಹಾಕಿ. ಇಡೀ ಹಣ್ಣು ಹಿಂಡಿದರೆ ಸಿಪ್ಪೆ ಮತ್ತು ಒಳಗಿನ ಬಿಳಿ ಪೊರೆಯ ಒಗರು ನೀರಿನ ಮೇಲೆ ಗೂಬೆ ಕೂರಿಸುತ್ತದೆ.

ಒಗರಲ್ಲದ, ಆದರೆ ಒಗರೆಂದು ದೂರು ಬರುವ ಎರಡು ದೋಷ

ಕ್ಲೋರಿನ್: ನಗರದ ನಲ್ಲಿ ನೀರಿನಲ್ಲಿ ಉಳಿಕೆ ಕ್ಲೋರಿನ್ ಇದ್ದೇ ಇರುತ್ತದೆ, ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಇನ್ನೂ ಹೆಚ್ಚು. ಮಾಲ್ಟಿನ ಫಿನಾಲ್‌ಗಳ ಜೊತೆ ಸೇರಿದರೆ ಎಳ್ಳಷ್ಟಿದ್ದರೂ ಔಷಧಿ ವಾಸನೆ, ಆಮೇಲೆ ತೆಗೆಯುವ ದಾರಿ ಇಲ್ಲ. ಕ್ಲೋರಿನ್ ಕಿಟ್‌ನಲ್ಲಿ ಬಣ್ಣ ಬಂದರೆ 1000 ಲೀಟರಿಗೆ 5 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕಿ ಕಲಕಿ, ಮತ್ತೆ ಪರೀಕ್ಷಿಸಿ. ಆರ್‌ಒ ಮುಂದಿನ ಕಾರ್ಬನ್ ಫಿಲ್ಟರ್ ಸೋತಿದ್ದರೆ ಕ್ಲೋರಿನ್ ಮೊದಲು ಮೆಂಬ್ರೇನ್ ಅನ್ನೇ ತಿನ್ನುತ್ತದೆ.

ಬಿಸಿ: ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿನ ನೀರೇ 36 ಡಿಗ್ರಿ ಇದ್ದರೆ ಪ್ಲೇಟ್ ಚಿಲ್ಲರ್ ವರ್ಟ್ ಅನ್ನು 38ಕ್ಕಿಂತ ಕೆಳಗೆ ಇಳಿಸಲಾರದು. ಅಲ್ಲಿ ಯೀಸ್ಟ್ ಹಾಕಿ ಟ್ಯಾಂಕಿನ ಜಾಕೆಟ್ ತಣಿಸುತ್ತದೆ ಎಂದು ಬಿಟ್ಟರೆ ಮೊದಲ ರಾತ್ರಿಯಲ್ಲೇ ಗಂಟಲು ಉರಿಯುವ ಆಲ್ಕೋಹಾಲ್ ಹುಟ್ಟಿರುತ್ತದೆ. ಗ್ಲೈಕಾಲ್‌ನಿಂದ (ತಣಿಸಲು ಸುತ್ತಿಸುವ ದ್ರವ) ತಣಿಸಿದ ನೀರಿನ ಎರಡನೇ ಹಂತ ಬೇಕೇ ಬೇಕು. ಏಲ್‌ಗೆ 18 ಡಿಗ್ರಿ ಮುಟ್ಟಿದ ಮೇಲೆಯೇ ಯೀಸ್ಟ್. ಚಿಲ್ಲರ್ ಇದ್ದಕ್ಕಿದ್ದಂತೆ ಸೋತರೆ ಗಡಸು ನೀರಿನ ಸುಣ್ಣದ ಪದರ ಪ್ಲೇಟ್‌ಗಳಲ್ಲಿ ಕಟ್ಟಿದೆಯೇ ನೋಡಿ. ಸಿಟ್ರಿಕ್ ಆಮ್ಲದ 2% ಬಿಸಿ ದ್ರಾವಣ ಅರ್ಧ ಗಂಟೆ ಸುತ್ತಿಸಿದರೆ ಬಿಡುತ್ತದೆ.

ಈಗಾಗಲೇ ಟ್ಯಾಂಕಿನಲ್ಲಿರುವ ಒಗರು ಬಿಯರ್‌ಗೆ 100 ಲೀಟರಿಗೆ 20–30 ಗ್ರಾಂ ಪಿವಿಪಿಪಿ (ಟ್ಯಾನಿನ್ ಹಿಡಿದುಕೊಳ್ಳುವ ಪುಡಿ) ಹಾಕಿ, ತಣ್ಣಗೆ ಒಂದೆರಡು ದಿನ ಕೂರಿಸಿ, ಸೋಸಿ ತೆಗೆಯಬಹುದು. ಜೆಲಟಿನ್ ಕೂಡ ಒಗರು ಇಳಿಸುತ್ತದೆ, ಆದರೆ ಅದು ಪ್ರಾಣಿಮೂಲದ್ದು, ಸಸ್ಯಾಹಾರಿ ಗ್ರಾಹಕರಿಗೆ ಹೇಳದೆ ಬಳಸಬಾರದು. ಒಳ್ಳೆಯ ಬ್ಯಾಚ್‌ಗೆ ಬೆರೆಸಿ ದೋಷ ಮುಚ್ಚುವ ಕೆಲಸ ಬೇಡ, ಎರಡೂ ಹೋಗುತ್ತವೆ. ಬ್ಯಾಚ್ ಪುಸ್ತಕದಲ್ಲಿ ರೆಸಿಪಿಗಿಂತ ಮೇಲೆ ಒಂದು ಸಾಲು ಖಾಲಿ ಬಿಡಿ: ಇಂದಿನ ನೀರು ಕಾಲುವೆಯದೋ, ಬೋರಿನದೋ, ಟ್ಯಾಂಕರಿನದೋ, ಕೆಎಚ್ ಎಷ್ಟು, ಕ್ಲೋರಿನ್ ಇದೆಯೋ ಇಲ್ಲವೋ. ಒಲೆ ಹೊತ್ತಿಸುವ ಮೊದಲು ಆ ಸಾಲು ತುಂಬಿರಬೇಕು.